ಹತ್ತು ತೆಂಗಿನಕಾಯಿಗಳ ಋಣ

ಕಳೆದ ತಿಂಗಳು, 1990ರಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದ ನನ್ನ ವಿದ್ಯಾರ್ಥಿಗಳು ಸೇರಿ ಗುರುವಂದನೆಯ ಕಾರ್ಯಕ್ರಮವನ್ನು ಏರ್ಪಡಿಸಿದ್ದರು. ಅಂದಿನ ಹದಿನಾರರ ಹುಡುಗ ಹುಡುಗಿಯರು ಇಂದು ಐವತ್ತು ದಾಟಿದ್ದಾರೆ. ಕೆಲವರ ತಲೆ ನನ್ನ ತಲೆಗಿಂತ ಬೆಳ್ಳಗಾಗಿದೆ. ಉಳಿದಿರುವ ನಾಲ್ವರು ಶಿಕ್ಷಕರನ್ನು ವೇದಿಕೆಯ ಮೇಲೆ ಕೂರಿಸಿ, ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಸಾಲಾಗಿ ಬಂದು ನಮಸ್ಕರಿಸಿದರು. ನನ್ನ ಬಗ್ಗೆ ಮಾತನಾಡಿದವನು, "ಸತ್ಯ ಎಂದರೇನೆಂದು ನಾವು ಕಲಿತದ್ದು ಈ ಮೇಷ್ಟ್ರಿಂದ" ಎಂದಾಗ ಜೋರಾಗಿ ಚಪ್ಪಾಳೆ ಬಿತ್ತು.

ಆಮೇಲೆ ಊಟಕ್ಕೆ ಕುಳಿತೆವು. ನನ್ನ ಪಂಕ್ತಿಯಿಂದ ನಾಲ್ಕು ಎಲೆ ಆಚೆ ಯಾರೋ, "ಅಲ್ರೋ, ನಮ್ಮ ಫೀಜು ಕಳ್ಳ ಬರ್ಲಿಲ್ವಾ?" ಎಂದರು. ಅಕ್ಕಪಕ್ಕದವರು ನಕ್ಕರು. ಅದರಲ್ಲಿ ದ್ವೇಷವೇನೂ ಇರಲಿಲ್ಲ. ಹಳೆಯ ಸಹಪಾಠಿಗಳು ಸೇರಿದಾಗ ಹುಟ್ಟುವ ಸಾಮಾನ್ಯ ತಮಾಷೆ ಅದು. ಆದರೆ ನನಗೆ ಎಲೆಯ ಮೇಲಿನ ಒಬ್ಬಟ್ಟು ಗಂಟಲಿನಲ್ಲಿ ಇಳಿಯಲಿಲ್ಲ. ನಾನು ಅಲ್ಲಿಯೇ ಎದ್ದು ನಿಂತು ಒಂದು ಮಾತು ಹೇಳಬಹುದಾಗಿತ್ತು. ಹೇಳಲಿಲ್ಲ. ಪೇಟ ಇನ್ನೂ ನನ್ನ ತಲೆಯ ಮೇಲೆಯೇ ಇತ್ತು.

ಅಂದು ನುಂಗಿಕೊಂಡ ಮಾತನ್ನು ಇಂದು ಬರೆಯುತ್ತಿದ್ದೇನೆ. ಆ ತರಗತಿಯಲ್ಲಿ ಕುಳಿತಿದ್ದವರು ದಯವಿಟ್ಟು ಕೊನೆಯವರೆಗೆ ಓದಬೇಕು.

ನಾನು ಈ ಸೀಮೆಗೆ ಬಂದದ್ದು 1986ರಲ್ಲಿ, ಬಿ.ಎಡ್. ಮುಗಿಸಿದ ಹೊಸತರಲ್ಲಿ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಕಂದಿಕೆರೆಯಲ್ಲಿ ತೋಟದ ಯಜಮಾನರೊಬ್ಬರ ಮನೆಯ ಹೊರಕೋಣೆಯನ್ನು ಬಾಡಿಗೆಗೆ ಹಿಡಿದು, ಸೈಕಲ್ಲಿನಲ್ಲಿ ಹೋಗಿ ಬರುವಷ್ಟು ದೂರದ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಮತ್ತು ಸಮಾಜ ವಿಜ್ಞಾನ ಬೋಧಿಸುತ್ತಿದ್ದೆ. ನನ್ನ ಕೋಣೆಯ ಮೇಲೆಯೇ ಅವರ ಕಾಯಿ ಅಟ್ಟ. ನಮ್ಮ ಕಡೆಯ ಉಂಡೆ ಕೊಬ್ಬರಿಯ ಕಥೆ ನಿಮಗೆಲ್ಲ ಗೊತ್ತೇ ಇದೆ. ಬಲಿತ ಕಾಯಿಯನ್ನು ಸಿಪ್ಪೆಯೊಡನೆ ಅಟ್ಟಕ್ಕೆ ಹಾಕಿದರೆ ಹತ್ತು ಹನ್ನೆರಡು ತಿಂಗಳಲ್ಲಿ ಒಳಗಿನ ನೀರು ತಾನಾಗಿ ಇಂಗಿ, ತಿರುಳು ಒಣಗಿ ಚಿಪ್ಪಿನಿಂದ ಬಿಡುತ್ತದೆ. ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿದರೆ ಗೊತ್ತಾಗುತ್ತದೆ. ಆದರೆ ಉಂಡೆ ಚೆನ್ನಾಗಿದೆಯೋ ಕಮಟು ಹಿಡಿದಿದೆಯೋ ಎಂಬುದು ಚಿಪ್ಪು ಒಡೆದ ಮೇಲೆಯೇ ತಿಳಿಯುವುದು. ತಿಪಟೂರಿನ ಮಾರುಕಟ್ಟೆಗೆ ಹೋಗುವ ಕೊಬ್ಬರಿಯೆಲ್ಲ ಹೀಗೆ ಒಂದು ವರ್ಷ ಕತ್ತಲಲ್ಲಿ ಕುಳಿತು ಬಂದದ್ದೇ.

ನಮ್ಮದು ಕ್ರೈಸ್ತ ಮನೆತನ. ಪೂರ್ವಿಕರು ಗುಬ್ಬಿಯ ಕಡೆಯವರು. 1830ರ ದಶಕದಲ್ಲಿ ವೆಸ್ಲಿಯನ್ ಮಿಷನ್ನಿನ ಥಾಮಸ್ ಹಾಡ್ಸನ್ ಗುಬ್ಬಿಯಲ್ಲಿ ಕೆಲಸ ಆರಂಭಿಸಿದರು. ಅವರ ಬಳಿಕ ಅಲ್ಲಿದ್ದ ವಿಲಿಯಂ ಆರ್ಥರ್ ಆ ಅನುಭವವನ್ನು 1847ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಮಿಷನ್ನಿನ ಸಭೆಗಳು 1947ರ ಸೆಪ್ಟೆಂಬರ್ 27ರಂದು ಹುಟ್ಟಿದ ದಕ್ಷಿಣ ಭಾರತ ಸಭೆಯಲ್ಲಿ ಸೇರಿದವು. ನನ್ನ ತಂದೆ ಆ ಸಭೆಯಲ್ಲಿ ಉಪದೇಶಿಯಾಗಿದ್ದರು. ಬೈಬಲನ್ನು ನಾವು 'ಸತ್ಯವೇದ' ಎನ್ನುತ್ತೇವೆ. ತಂದೆಯವರ ದಪ್ಪ ರಟ್ಟಿನ ಸತ್ಯವೇದವನ್ನು ನಾನು ಕಂದಿಕೆರೆಗೆ ತಂದು ಕೋಣೆಯ ಗೂಡಿನಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟಿದ್ದೆ. ಊರಿನವರು ನನ್ನನ್ನು 'ಸತ್ಯವೇದದ ಮೇಷ್ಟ್ರು' ಎಂದೇ ಕರೆಯುತ್ತಿದ್ದರು. ಸರ್ವಜ್ಞನ ಪಾಠ ಬಂದಾಗ, ಅವನ ತ್ರಿಪದಿಗಳನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದ ಉತ್ತಂಗಿ ಚನ್ನಪ್ಪನವರು ಬಾಸೆಲ್ ಮಿಷನ್ನಿನ ಪಾದ್ರಿಗಳೆಂದು ನಾನು ಹೆಮ್ಮೆಯಿಂದ ಹೇಳುತ್ತಿದ್ದುದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಸತ್ಯವಂತನೆಂಬ ಹೆಸರು ನನಗೆ ಹಿಡಿಸಿತ್ತು. ಸ್ವಲ್ಪ ಹೆಚ್ಚಾಗಿಯೇ ಹಿಡಿಸಿತ್ತು.

1989ರ ಡಿಸೆಂಬರಿನಲ್ಲಿ ಪರೀಕ್ಷಾ ಶುಲ್ಕ ವಸೂಲಿಯ ಹೊಣೆ ನನ್ನ ಮೇಲಿತ್ತು. ಕೊನೆಯ ಕಂತಿನ 340 ರೂಪಾಯಿಗಳನ್ನು ಕಂದು ಲಕೋಟೆಯಲ್ಲಿ ಹಾಕಿ ಮೇಜಿನ ಸೆಳೆಖಾನೆಯಲ್ಲಿ ಇಟ್ಟಿದ್ದೆ. ಅದು ಶನಿವಾರ. ಮರುದಿನ ನಾನು ಆರಾಧನೆಗೆ ತುಮಕೂರಿಗೆ ಹೋದೆ. ಬಂದ ರಾತ್ರಿಯೇ ಜ್ವರ. ನಾಲ್ಕು ದಿನ ಏಳಲಾಗಲಿಲ್ಲ. ಶುಕ್ರವಾರ ಶಾಲೆಗೆ ಹೋಗಿ ಸೆಳೆಖಾನೆ ಎಳೆದರೆ ಲಕೋಟೆ ಇರಲಿಲ್ಲ.

ಮುಖ್ಯೋಪಾಧ್ಯಾಯರು, "ನೀವಿಲ್ಲದಾಗ ಯಾರು ಕೋಣೆಗೆ ಹೋಗಿದ್ದರು?" ಎಂದು ಕೇಳಿದರು. ಭೂಪಟ ಮತ್ತು ಹಾಜರಿ ಪುಸ್ತಕ ತರಲು ಇಬ್ಬರು ಹುಡುಗರು ಹೋಗಿದ್ದರೆಂದು ಅಟೆಂಡರ್ ನನಗೆ ಆಗಲೇ ತಿಳಿಸಿದ್ದ. ಒಬ್ಬ ನಾನು ಬಾಡಿಗೆಗಿದ್ದ ಮನೆಯ ಯಜಮಾನರ ಮಗ. ಇನ್ನೊಬ್ಬ ಅದೇ ಯಜಮಾನರ ತೋಟದಲ್ಲಿ ಕಾಯಿ ಸುಲಿಯುವವನ ಮಗ. ನಾನು ಎರಡನೆಯವನ ಹೆಸರನ್ನು ಮಾತ್ರ ಹೇಳಿದೆ.

ನಾನು ಹೇಳಿದ್ದು ಸುಳ್ಳಲ್ಲ. ಅವನು ಕೋಣೆಗೆ ಹೋಗಿದ್ದು ನಿಜ. ಅವನೇ ಕದ್ದನೆಂದು ನಾನು ಹೇಳಲೂ ಇಲ್ಲ. ಎಷ್ಟೋ ವರ್ಷ ಈ ಸಮಾಧಾನವನ್ನು ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಅರ್ಧ ಸತ್ಯವನ್ನು ಆರಿಸಿ ಆಡುವವನು ತಾನು ಏನು ಮಾಡುತ್ತಿದ್ದೇನೆಂದು ಬಲ್ಲ. ಯಜಮಾನರ ಮಗನ ಹೆಸರು ಏಕೆ ನನ್ನ ಬಾಯಿಗೆ ಬರಲಿಲ್ಲವೆಂಬುದಕ್ಕೆ ನನ್ನಲ್ಲಿ ಒಂದೇ ಉತ್ತರವಿದೆ. ಬಡವನ ಮಗ ಕದಿಯಬಲ್ಲನೆಂದು ನಾನು ಸುಲಭವಾಗಿ ನಂಬಿದೆ.

ಮುಂದಿನದನ್ನು ಆ ತರಗತಿಯವರು ಕಂಡಿದ್ದೀರಿ. ಹುಡುಗನನ್ನು ಎರಡು ದಿನ ಹೊರಗೆ ನಿಲ್ಲಿಸಿದರು. ಅವನು ತೆಗೆದಿಲ್ಲವೆಂದೇ ಹೇಳಿದ. ಮೂರನೆಯ ದಿನ ಅವನ ತಂದೆ ಬಂದರು. ಯಜಮಾನರ ಬಳಿ ಮುಂದಿನ ಸುಲಿಗೆಯ ಕೂಲಿಯ ಮೇಲೆ ಮುಂಗಡ ತಂದಿದ್ದರು. ನೋಟುಗಳನ್ನು ಮೇಜಿನ ಮೇಲಿಟ್ಟು, "ನನ್ ಮಗ ತಗಂಡಿಲ್ಲ ಅಂತಾನೆ ಮೇಷ್ಟ್ರೆ. ತಗಂಡಿದ್ರೂ ಸರಿ, ಇಲ್ದಿದ್ರೂ ಸರಿ, ದುಡ್ಡು ಇಲ್ಲೈತೆ. ಅವ್ನು ಪರೀಕ್ಷೆಗೆ ಕೂರ್ಲಿ" ಎಂದರು. ಹುಡುಗ ಪರೀಕ್ಷೆಗೆ ಕುಳಿತ. ಆದರೆ ಅಂದಿನಿಂದ ನನ್ನ ತರಗತಿಯಲ್ಲಿ ಅವನು ಕೈ ಎತ್ತಲಿಲ್ಲ.

1990ರ ಏಪ್ರಿಲಿನಲ್ಲಿ ಬೇಸಿಗೆ ರಜೆಗೆ ಹೊರಡಲು ಸಾಮಾನು ಕಟ್ಟುತ್ತಿದ್ದೆ. ತಂದೆಯವರು ಹಳೆಯ ಸತ್ಯವೇದವನ್ನು ಹೊಸ ರಟ್ಟು ಹಾಕಿಸಲು ತರುವಂತೆ ಬರೆದಿದ್ದರು. ಗೂಡಿನಿಂದ ಎತ್ತಿದೆ. ಕಂದು ಲಕೋಟೆ ಜಾರಿ ಕಾಲ ಬಳಿ ಬಿತ್ತು. ಆಗ ಎಲ್ಲವೂ ನೆನಪಿಗೆ ಬಂದಿತು. ಆ ಶನಿವಾರ ಸಂಜೆ, ಸೆಳೆಖಾನೆಗೆ ಬೀಗವಿಲ್ಲವೆಂಬ ಅನುಮಾನದಿಂದ ನಾನೇ ಲಕೋಟೆಯನ್ನು ಮನೆಗೆ ತಂದು, ಯಾರೂ ಮುಟ್ಟದ ಜಾಗವೆಂದು ಸತ್ಯವೇದದ ಒಳಗೆ ಇಟ್ಟಿದ್ದೆ. ಜ್ವರದಲ್ಲಿ ಅದು ಮರೆತುಹೋಗಿತ್ತು.

ಯಾರೂ ಮುಟ್ಟದ ಜಾಗ! ನಾಲ್ಕು ತಿಂಗಳು ನಾನೂ ಅದನ್ನು ಮುಟ್ಟಿರಲಿಲ್ಲ. ತುಮಕೂರಿನ ದೇವಾಲಯದಲ್ಲಿ ಎದ್ದು ನಿಂತು ವಿಶ್ವಾಸಪ್ರಮಾಣ ಹೇಳುತ್ತಿದ್ದವನು, ಊರಿನವರೆದುರು ಸತ್ಯವೇದದ ಮೇಷ್ಟ್ರಾಗಿದ್ದವನು, ಒಂದು ದಿನವಾದರೂ ಅದನ್ನು ತೆರೆದಿದ್ದರೆ ಆ ಹುಡುಗ ತಲೆಯೆತ್ತಿ ಪರೀಕ್ಷೆ ಬರೆಯುತ್ತಿದ್ದ. ಲಕೋಟೆ ಸಿಕ್ಕಿತೆಂದು ಹೇಳಬೇಕಾದರೆ ಅದು ಎಲ್ಲಿ ಸಿಕ್ಕಿತೆಂದೂ ಹೇಳಬೇಕು. ನನ್ನ ಬಾಯಿ ಕಟ್ಟಿದ್ದು ಅಲ್ಲಿಯೇ.

ಆ ರಾತ್ರಿ ಮೊಣಕಾಲೂರಿ ಪ್ರಾರ್ಥಿಸಿದೆ, ಅತ್ತೆ. ದೇವರು ಕ್ಷಮಿಸಿದನೆಂಬ ಹಗುರವೂ ಆಯಿತು. ಮರುದಿನ ನಾನು ಮಾಡಿದ ಕೆಲಸವನ್ನು ಕೇಳಿ. ಆ 340 ರೂಪಾಯಿಗೆ ನನ್ನದೊಂದು 60 ಸೇರಿಸಿ, ಹುಡುಗನ ತಂದೆಯನ್ನು ಕರೆಸಿ, "ಪುಣ್ಯಾತ್ಮರೊಬ್ಬರು ನಿಮ್ಮ ಮಗನ ಮುಂದಿನ ಓದಿಗೆಂದು ಕೊಟ್ಟಿದ್ದಾರೆ" ಎಂದು ಕೈಗಿತ್ತೆ. ಅವರು ಎರಡೂ ಕೈ ಜೋಡಿಸಿದರು. "ಕಳ್ಳ ಅನ್ನಿಸ್ಕೊಂಡೋನ ಮೇಲೂ ನೀವು ಮನಸಿಟ್ರಲ್ಲ ಮೇಷ್ಟ್ರೆ" ಎಂದರು. ಅವರದೇ ಹಣವನ್ನು ಅವರಿಗೆ ದಾನವೆಂದು ಕೊಟ್ಟು, ಅದಕ್ಕೆ ಕೃತಜ್ಞತೆಯನ್ನೂ ಪಡೆದುಕೊಂಡೆ.

ಆ ವರ್ಷದ ಕ್ರಿಸ್‌ಮಸ್ ಹಿಂದಿನ ದಿನ ಅವರು ನನ್ನ ಬಾಗಿಲಿಗೆ ಬಂದರು. ಟವೆಲಿನ ಗಂಟಿನಲ್ಲಿ ಹತ್ತು ಸುಲಿದ ಕಾಯಿ. ಅವರ ಹಿತ್ತಿಲಲ್ಲಿ ಆರೇ ತೆಂಗಿನ ಮರಗಳಿದ್ದವು. "ನಿಮ್ ಹಬ್ಬಕ್ಕೆ" ಎಂದು ಇಟ್ಟು ಹೋದರು. ಮಾರನೆಯ ವರ್ಷವೂ ಬಂದರು. ನನಗೆ ಮದುವೆಯಾಯಿತು, ಮಕ್ಕಳಾದರು, ಕಂದಿಕೆರೆಯಲ್ಲಿಯೇ ಸಣ್ಣದೊಂದು ಮನೆ ಕಟ್ಟಿಕೊಂಡೆ. ಕಾಯಿ ಬರುವುದು ತಪ್ಪಲಿಲ್ಲ. ನನ್ನ ಪತ್ನಿ ಅವುಗಳಿಂದ ಹಬ್ಬಕ್ಕೆ ಕರ್ಜಿಕಾಯಿ, ಕೊಬ್ಬರಿ ಮಿಠಾಯಿ ಮಾಡುತ್ತಿದ್ದಳು. 1990ರಿಂದ 2007ರವರೆಗೆ ಹದಿನೆಂಟು ಕ್ರಿಸ್‌ಮಸ್, ನೂರ ಎಂಬತ್ತು ಕಾಯಿ. ಒಂದು ವರ್ಷವೂ ಮಗ ತಂದೆಯ ಜೊತೆ ಬರಲಿಲ್ಲ. ಅವನು ಐ.ಟಿ.ಐ. ಮುಗಿಸಿ ಬೆಂಗಳೂರಿನಲ್ಲಿ ಫಿಟ್ಟರ್ ಆಗಿದ್ದಾನೆಂದು ಅವರೇ ಹೇಳಿದ್ದರು.

ನಮ್ಮ ಸಭೆಯ ಬೋಧನೆಯ ತಿರುಳು ಇದು: ಮನುಷ್ಯನು ರಕ್ಷಣೆ ಹೊಂದುವುದು ತನ್ನ ಪುಣ್ಯಕಾರ್ಯದಿಂದಲ್ಲ, ನಂಬಿಕೆಯ ಮೂಲಕ ದೇವರ ಕೃಪೆಯಿಂದ. ಈ ಮಾತನ್ನು ನಾನು ಇಂದಿಗೂ ನಂಬುತ್ತೇನೆ. ಆದರೆ ಆ ಹದಿನೆಂಟು ವರ್ಷ ಅದನ್ನೇ ಮರೆಯಾಗಿ ಬಳಸಿದೆ. ದೇವರಲ್ಲಿ ತಪ್ಪೊಪ್ಪಿಕೊಂಡೆ, ಅವನು ಕ್ಷಮಿಸಿದ, ಹಣವೂ ಹಿಂದಿರುಗಿತು, ಇನ್ನೇನು ಉಳಿದಿದೆ ಎನ್ನುತ್ತಿದ್ದೆ. ಹಿಟ್ಲರನನ್ನು ವಿರೋಧಿಸಿ 1945ರ ಏಪ್ರಿಲ್ 9ರಂದು ಗಲ್ಲಿಗೇರಿದ ಜರ್ಮನಿಯ ಪಾದ್ರಿ ಡೀಟ್ರಿಚ್ ಬಾನ್‌ಹೋಫರ್ 1937ರ ತಮ್ಮ ಪುಸ್ತಕದಲ್ಲಿ ಇಂಥದ್ದಕ್ಕೆ 'ಅಗ್ಗದ ಕೃಪೆ' ಎಂದು ಹೆಸರಿಟ್ಟರು. ಪಶ್ಚಾತ್ತಾಪವಿಲ್ಲದೆ ನಮಗೆ ನಾವೇ ದಯಪಾಲಿಸಿಕೊಳ್ಳುವ ಕ್ಷಮೆ ಅದು.

2008ರ ಮಾರ್ಚಿನಲ್ಲಿ, ಶುಭ ಶುಕ್ರವಾರಕ್ಕೆ ಮುಂಚಿನ ಉಪವಾಸದ ದಿನಗಳಲ್ಲಿ, ಸಭಾಪಾಲಕರು ಲೂಕನ ಸುವಾರ್ತೆಯ ಹತ್ತೊಂಬತ್ತನೆಯ ಅಧ್ಯಾಯದ ಜಕ್ಕಾಯನ ಮೇಲೆ ಪ್ರಸಂಗ ಮಾಡಿದರು. ಯೆರಿಕೋ ಪಟ್ಟಣದ ಈ ಸುಂಕದವನು ಜನರನ್ನು ಸುಲಿದು ಹಣವಂತನಾದವನು. ಯೇಸುವನ್ನು ನೋಡಲು ಮರ ಹತ್ತಿದ. ಯೇಸು ಅವನನ್ನು ಹೆಸರು ಹಿಡಿದು ಕರೆದು, ಈ ದಿನ ನಿನ್ನ ಮನೆಯಲ್ಲಿ ಇಳಿದುಕೊಳ್ಳುವೆನೆಂದ. ಆಮೇಲೆ ಜಕ್ಕಾಯ ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುವೆನೆಂದೂ ಅನ್ಯಾಯವಾಗಿ ಕಸಿದದ್ದನ್ನು ನಾಲ್ಕರಷ್ಟು ಹಿಂತಿರುಗಿಸುವೆನೆಂದೂ ಹೇಳಿದ. ಸಭಾಪಾಲಕರು ತೋರಿಸಿದ್ದು ಎರಡು ವಿಷಯ. ಕೃಪೆಯೇ ಮೊದಲು ಬಂದಿತು, ಲೆಕ್ಕ ತೀರಿಸಿದ ಮೇಲೆ ಬಂದದ್ದಲ್ಲ. ಎರಡನೆಯದು, ಜಕ್ಕಾಯ ಆ ಮಾತನ್ನು ಕೋಣೆಯೊಳಗೆ ಮೊಣಕಾಲೂರಿ ಆಡಲಿಲ್ಲ. ಗೊಣಗುತ್ತಿದ್ದ ಜನರ ನಡುವೆ ಎದ್ದು ನಿಂತು ಆಡಿದ. ಕೃಪೆ ಮನೆಗೆ ಬಂದದ್ದಕ್ಕೆ ಗುರುತು ಅದೇ.

ಆ ರಾತ್ರಿ ಪತ್ನಿಗೆ ಎಲ್ಲವನ್ನೂ ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, "ಆ ಕಾಯಿಯಲ್ಲಿ ನಾನು ಹಬ್ಬದ ತಿಂಡಿ ಮಾಡಿದೆನಲ್ಲ" ಎಂದಳು.

ಮರುದಿನ ಅವರ ಮನೆಗೆ ಹೋದೆ. ಆತ ನೆಲಕ್ಕೆ ನೆಟ್ಟ ಹಾರೆಯ ಮುಂದೆ ನಿಂತು ಕಾಯಿ ಸುಲಿಯುತ್ತಿದ್ದರು. ನಾನು ಲಕೋಟೆಯ ಸಂಗತಿಯನ್ನೂ, ಪುಣ್ಯಾತ್ಮನೆಂಬ ಸುಳ್ಳನ್ನೂ, ಯಜಮಾನರ ಮಗನ ಹೆಸರನ್ನು ಹೇಳದೆ ಉಳಿಸಿದ್ದನ್ನೂ ಹೇಳಿ ಮುಗಿಸುವವರೆಗೆ ಅವರ ಕೈಯಲ್ಲಿದ್ದ ಕಾಯಿ ಕೈಯಲ್ಲಿಯೇ ಇತ್ತು. ಕೊನೆಗೆ, "ಅಟ್ಟಕ್ಕೆ ಹಾಕಿದ್ ಕಾಯಿ ವರ್ಷಕ್ಕೆ ಕೊಬ್ರಿ ಆಗ್ತೈತೆ. ನಿಮ್ದು ಹದ್ನೆಂಟ್ ವರ್ಷ ಹಿಡೀತು" ಎಂದರು. ಆಮೇಲೆ ಒಳಗಿದ್ದ ಹೆಂಡತಿಯನ್ನು ಕೂಗಿ ಕರೆದು, "ಇವ್ಳ ಮುಂದೆ ಇನ್ನೊಂದ್ ಸಲ ಹೇಳಿ ಮೇಷ್ಟ್ರೆ. ಅವತ್ ರಾತ್ರಿ ಮಗನ್ನ ಸೌದೆ ತಗಂಡು ಹೊಡ್ದೋಳು ಇವ್ಳು" ಎಂದರು.

ಎರಡನೆಯ ಸಲ ಹೇಳುವುದು ಮೊದಲನೆಯದಕ್ಕಿಂತ ಬಹಳ ಕಷ್ಟವಾಯಿತು. ಆ ತಾಯಿ ಕೇಳಿ, ಒಂದೂ ಮಾತನಾಡದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಮಗನಿಗೆ ಫೋನ್ ಮಾಡಿದೆ. ಅವನು ನಡುವೆ ಮಾತನಾಡದೆ ಕೇಳಿದ. "ನಾನು ತೆಗೆದಿಲ್ಲ ಅಂತ ನನಗೆ ಗೊತ್ತಿತ್ತು ಸಾರ್. ಅಮ್ಮನಿಗೆ ಗೊತ್ತಾಗಬೇಕಿತ್ತು. ಅವರಿಗೆ ಹೇಳಿದಿರಾ?" ಎಂದ. ಹೇಳಿದೆನೆಂದೆ. "ಸರಿ ಸಾರ್" ಎಂದು ಫೋನ್ ಇಟ್ಟ. ಕ್ಷಮಿಸಿದೆ ಎನ್ನಲಿಲ್ಲ. ಅದನ್ನು ಕೇಳುವ ಹಕ್ಕೂ ನನಗಿರಲಿಲ್ಲ.

2008ರ ಕ್ರಿಸ್‌ಮಸ್ಸಿಗೆ ಕಾಯಿ ಬರಲಿಲ್ಲ. ನಾನು ದಿನವಿಡೀ ಬಾಗಿಲನ್ನು ನೋಡಿದೆ. ನ್ಯಾಯವಾಗಿ ಬರಬೇಕಾದದ್ದೇನೂ ಅಲ್ಲವೆಂದು ತಿಳಿದೂ ನೋಡಿದೆ.

2009ರ ಕ್ರಿಸ್‌ಮಸ್ ಹಿಂದಿನ ದಿನ ಆ ತಾಯಿಯೇ ಬಂದರು. ಸೆರಗಿನಲ್ಲಿ ಆರು ಕಾಯಿ. "ಈ ಸಲ ಕಮ್ಮಿ ಮೇಷ್ಟ್ರೆ, ಮರಕ್ಕೆ ನುಸಿ ಹೊಡ್ದೈತೆ" ಎಂದರು. ನನಗೆ ಮಾತು ಹೊರಡಲಿಲ್ಲ. ಪತ್ನಿ ಕೈಹಿಡಿದು ಒಳಗೆ ಕರೆದಳು. ಅವರು ಅಡುಗೆಮನೆಯಲ್ಲಿ ಕುಳಿತು ಕಾಫಿ ಕುಡಿದು ಹೋದರು. ಹಳೆಯ ಸಂಗತಿಯನ್ನು ಯಾರೂ ಎತ್ತಲಿಲ್ಲ.

ಅವರು ಕ್ರೈಸ್ತರಲ್ಲ. ನಮ್ಮ ಸಭೆಯ ಸಿದ್ಧಾಂತ ಅವರಿಗೆ ಬೇಕಾಗಿಯೂ ಇರಲಿಲ್ಲ. ಆದರೆ ಕೃಪೆ ಎಂಬ ಶಬ್ದದ ಅರ್ಥ ನನಗೆ ತಿಳಿದದ್ದು ಆ ಆರು ಕಾಯಿಗಳಿಂದ. ಹಿಂದಿನ ನೂರ ಎಂಬತ್ತು ಕಾಯಿ ನಾನಲ್ಲದ ಒಬ್ಬ ಒಳ್ಳೆಯ ಮೇಷ್ಟ್ರಿಗೆ ಬಂದವು. ನಾನು ಎಂಥವನೆಂದು ತಿಳಿದ ಮೇಲೆಯೂ ಬಂದದ್ದು ಈ ಆರು. ದೇವರಿಗೆ ನಮ್ಮ ವಿಷಯ ಮೊದಲಿನಿಂದಲೂ ತಿಳಿದೇ ಇರುವುದರಿಂದ ಅವನು ಕೊಡುವುದೆಲ್ಲವೂ ಕೃಪೆಯೇ. ಅದನ್ನು ಪಡೆದುಕೊಳ್ಳಲು ನಾವು ಸತ್ಯವಂತರಾಗಿರಬೇಕಿಲ್ಲ, ಸತ್ಯವನ್ನು ಒಪ್ಪಿಕೊಂಡರೆ ಸಾಕು. ಮುಚ್ಚಿಟ್ಟುಕೊಂಡವನ ಬಾಗಿಲಿಗೂ ಕೃಪೆ ಬರುತ್ತದೆ. ಅವನಿಗೆ ಅದು ತನ್ನದೆಂದು ನಂಬಿಕೆ ಹುಟ್ಟುವುದಿಲ್ಲ ಅಷ್ಟೆ.

ಅಲ್ಲಿಗೆ ಲೆಕ್ಕ ತೀರಿತೆಂದುಕೊಂಡಿದ್ದೆ. ಗುರುವಂದನೆಯ ಊಟದಲ್ಲಿ ತೀರಿಲ್ಲವೆಂದು ತಿಳಿಯಿತು. ಮನೆಯವರೆದುರು ಅವನ ಹೆಸರು ಶುದ್ಧವಾಗಿತ್ತು. ಅದು ಕೆಟ್ಟದ್ದು ಮಾತ್ರ ತರಗತಿಯಲ್ಲಿ, ಐವತ್ತು ಮಕ್ಕಳೆದುರು. ಆ ಐವತ್ತು ಮಂದಿಗೆ ನಾನು ಏನನ್ನೂ ಹೇಳಿರಲಿಲ್ಲ.

ದೇವಾಲಯಗಳಲ್ಲಿ ಹಾಡುವ 'ಅಮೇಜಿಂಗ್ ಗ್ರೇಸ್' ಎಂಬ ಗೀತೆಯನ್ನು ಬರೆದ ಜಾನ್ ನ್ಯೂಟನ್ನನ ಚರಿತ್ರೆ ಈ ದಿನಗಳಲ್ಲಿ ನನ್ನನ್ನು ಕಾಡುತ್ತಿದೆ. 1748ರಲ್ಲಿ ಸಮುದ್ರದ ಬಿರುಗಾಳಿಗೆ ಸಿಕ್ಕಿ ದೇವರ ಕಡೆಗೆ ತಿರುಗಿದವನು, ಆ ಬಳಿಕವೂ ಗುಲಾಮರನ್ನು ಸಾಗಿಸುವ ಹಡಗುಗಳ ಕಪ್ತಾನನಾಗಿದ್ದ. 1754ರಲ್ಲಿ ಆ ಕೆಲಸ ಬಿಟ್ಟ, 1764ರಲ್ಲಿ ಪಾದ್ರಿಯಾದ, ಕೃಪೆಯ ಮೇಲಿನ ಆ ಗೀತೆ 1779ರಲ್ಲಿ ಅಚ್ಚಾಯಿತು. ತಾನು ಕಂಡದ್ದನ್ನೂ ಮಾಡಿದ್ದನ್ನೂ ನಾಚಿಕೆಯೊಡನೆ ಒಪ್ಪಿಕೊಂಡು ಗುಲಾಮ ವ್ಯಾಪಾರದ ವಿರುದ್ಧ ಪುಸ್ತಿಕೆ ಪ್ರಕಟಿಸಿದ್ದು 1788ರಲ್ಲಿ, ಹಡಗು ಬಿಟ್ಟ ಮೂವತ್ತನಾಲ್ಕು ವರ್ಷಗಳ ಮೇಲೆ. 1807ರಲ್ಲಿ ಬ್ರಿಟನ್ ಆ ವ್ಯಾಪಾರವನ್ನು ನಿಷೇಧಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ನ್ಯೂಟನ್ ತೀರಿಕೊಂಡ. ಅವನ ಪಾಪಕ್ಕೂ ನನ್ನದಕ್ಕೂ ಹೋಲಿಕೆಯಿಲ್ಲ. ಆದರೆ ಕೃಪೆಯನ್ನು ಹಾಡಿದವನಿಗೂ ಬಹಿರಂಗವಾಗಿ ಒಪ್ಪಿಕೊಳ್ಳಲು ಅಷ್ಟು ವರ್ಷ ಹಿಡಿಯಿತೆಂಬುದು ನನಗೆ ಎಚ್ಚರಿಕೆಯೂ ಹೌದು, ಧೈರ್ಯವೂ ಹೌದು.

ಕಳೆದ ವಾರ ಅವನಿಗೆ ಮತ್ತೆ ಫೋನ್ ಮಾಡಿ, ಬರೆಯಲೇ ಎಂದು ಕೇಳಿದೆ. "ಬರೀರಿ ಸಾರ್. ನನ್ನ ಹೆಸರು ಬೇಡ, ಅವರಿಗೆಲ್ಲ ಗೊತ್ತಾಗುತ್ತೆ" ಎಂದ. ಅವನ ತಂದೆ 2016ರಲ್ಲಿ ತೀರಿಕೊಂಡರು. ತಾಯಿ ಇದ್ದಾರೆ. ಈಗ ಬರಲಾರರು. ಕ್ರಿಸ್‌ಮಸ್ಸಿಗೆ ನಾವೇ ತಿಂಡಿ ಕಟ್ಟಿಕೊಂಡು ಅಲ್ಲಿಗೆ ಹೋಗುತ್ತೇವೆ.

ಆದ್ದರಿಂದ, 1990ರ ತಂಡದ ನನ್ನ ಮಕ್ಕಳೇ, ಸ್ಪಷ್ಟವಾಗಿ ಹೇಳುತ್ತೇನೆ. ಆ ಹಣವನ್ನು ಅವನು ಕದಿಯಲಿಲ್ಲ. ಯಾರೂ ಕದಿಯಲಿಲ್ಲ. ಅದು ನನ್ನ ಮನೆಯಲ್ಲಿಯೇ ಇತ್ತು. ಅದು ತಿಳಿದ ಮೇಲೂ ನಿಮಗೆ ಹೇಳದೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸುಮ್ಮನಿದ್ದವನು ನಾನು.

ಇದನ್ನು ಓದಿದವರು ನನಗೆ ಸಮಾಧಾನ ಹೇಳುವುದು ಬೇಡ. ಅವನ ನಂಬರು ನಿಮ್ಮಲ್ಲಿ ಕೆಲವರ ಬಳಿಯಾದರೂ ಇರುತ್ತದೆ. ಅವನಿಗೆ ಫೋನ್ ಮಾಡಿ. ಮುಂದಿನ ಸಲ ಸೇರುವಾಗ ಅವನನ್ನು ಮೊದಲು ಕರೆಯಿರಿ. ನೀವು ಹೊದಿಸಿದ ಶಾಲು ಪೆಟ್ಟಿಗೆಯಲ್ಲಿದೆ. ಅದನ್ನು ನೀವು ತಿಳಿಯದೆ ಕೊಟ್ಟಿರಿ. ತಿಳಿದ ಮೇಲೆ ಹಿಂದಕ್ಕೆ ಕೇಳಿದರೆ ಬೇಸರವಿಲ್ಲದೆ ಕೊಡುತ್ತೇನೆ. ಇರಲಿ ಮೇಷ್ಟ್ರೆ ಎಂದರೆ, ಆಗ ಹೊದ್ದುಕೊಳ್ಳುತ್ತೇನೆ.

ದೇವರು ನಿಮ್ಮನ್ನೂ ನಿಮ್ಮ ಮಕ್ಕಳನ್ನೂ ಚೆನ್ನಾಗಿಟ್ಟಿರಲಿ.